ಪಿಕ್ಸೆಲ್‌ಗಿಂತ ಮೊದಲು ಕಣ್ಣಿನ ಅಳತೆ

ಮಾನ್ಯ ಸಂಪಾದಕರೇ,

ಕಣ್ಣ ಮುಂದೆ ಕೃತಕ ದೃಶ್ಯಲೋಕವನ್ನು ತೆರೆದಿಡುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳ ಕುರಿತು ತಂತ್ರಜ್ಞಾನ ಪುಟಗಳಲ್ಲಿ ಬರುವ ಪರಿಚಯ ಲೇಖನಗಳು ಸಾಮಾನ್ಯವಾಗಿ ಪಿಕ್ಸೆಲ್‌ಗಳ ಲೆಕ್ಕದಿಂದ ಆರಂಭವಾಗಿ ಬಹುಪಾಲು ಅಲ್ಲಿಯೇ ಮುಗಿದುಬಿಡುತ್ತವೆ. ಟಿ.ವಿ. ಕೊಳ್ಳುವವರಿಗೆ ಆ ಲೆಕ್ಕ ಸಾಕಾದೀತು. ಆಟಕ್ಕೆಂದು ಮುಖಕ್ಕೆ ಕಟ್ಟಿಕೊಳ್ಳುವ ಸಾಧನದ ವಿಷಯದಲ್ಲಿ ಮಾತ್ರ, ಅದು ಧರಿಸುವವರ ಕಣ್ಣಿಗೆ ಹೊಂದುತ್ತದೆಯೇ ಎಂಬುದನ್ನು ಉಳಿದೆಲ್ಲಕ್ಕಿಂತ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಎರಡು ಕಣ್ಣುಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್‌ನಷ್ಟಿದ್ದರೂ ಒಬ್ಬರಿಂದ ಒಬ್ಬರಿಗೆ ಸಾಕಷ್ಟು ವ್ಯತ್ಯಾಸವಿರುತ್ತದೆ. ಹೆಡ್‌ಸೆಟ್ಟಿನ ಮಸೂರಗಳ ಅಂತರ ಇದಕ್ಕೆ ಹೊಂದದಿದ್ದರೆ ಎಂಥ ಉತ್ತಮ ಪರದೆಯೂ ಮಸುಕಾಗಿ ಕಾಣುತ್ತದೆ, ಕಣ್ಣು ದಣಿದು ತಲೆನೋವೂ ಬರಬಹುದು. ಮೆಟಾ ಕಂಪನಿಯ ಕ್ವೆಸ್ಟ್ 3ರಲ್ಲಿ ಪುಟ್ಟ ಚಕ್ರವೊಂದನ್ನು ತಿರುಗಿಸಿ ಈ ಅಂತರವನ್ನು ಬೇಕಾದಷ್ಟಕ್ಕೆ ನಿಲ್ಲಿಸಿಕೊಳ್ಳಬಹುದು. ಕ್ವೆಸ್ಟ್ 3ಎಸ್‌ನಲ್ಲಿ 58, 63, 68 ಮಿಲಿಮೀಟರ್ ಎಂಬ ಮೂರೇ ನೆಲೆಗಳಿದ್ದು, ನಡುವಿನ ಅಳತೆಯವರು ಹತ್ತಿರದ್ದಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ. ಎರಡರ ಪ್ರೊಸೆಸರ್ ಒಂದೇ, ಆಡಬಹುದಾದ ಆಟಗಳೂ ಒಂದೇ. ಪರದೆಯಷ್ಟೇ ಮುಖ್ಯವಾದ ವ್ಯತ್ಯಾಸವಿರುವುದು ಮಸೂರದಲ್ಲಿ: ಮೊದಲನೆಯದರ ಪ್ಯಾನ್‌ಕೇಕ್ ಮಸೂರಗಳಲ್ಲಿ ಅಂಚಿನವರೆಗೂ ಚಿತ್ರ ಸ್ಪಷ್ಟವಾಗಿರುತ್ತದೆ, ಎರಡನೆಯದರ ಫ್ರೆನೆಲ್ ಮಸೂರಗಳಲ್ಲಿ ನಡುಭಾಗ ಬಿಟ್ಟರೆ ಮಸುಕು, ಕತ್ತಲ ದೃಶ್ಯಗಳಲ್ಲಿ ಬೆಳಕಿನ ಸುತ್ತ ಪ್ರಭೆ. ಕನ್ನಡಕಕ್ಕಾಗಿ ಕಣ್ಣು ತೋರಿಸುವಾಗಲೇ ಈ ಅಂತರವನ್ನೂ ಅಳೆಸಿ ಬರೆದಿಟ್ಟುಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ವಾಕರಿಕೆಯ ಮಾತನ್ನು ಜಾಹೀರಾತುಗಳು ಎತ್ತುವುದೇ ಇಲ್ಲ. ಕಣ್ಣು ಓಟವನ್ನು ಕಾಣುತ್ತಿರುವಾಗ ಒಳಗಿವಿ ದೇಹ ನಿಂತಲ್ಲೇ ಇದೆ ಎಂದು ಹೇಳುತ್ತಿರುತ್ತದೆ. ಈ ವಿರಸವೇ ತಲೆಸುತ್ತಿಗೆ ಮೂಲ. ಸೆಕೆಂಡಿಗೆ 90 ಅಥವಾ 120 ಬಾರಿ ಚಿತ್ರ ಬದಲಿಸುವ ಪರದೆ ಇದನ್ನು ತಗ್ಗಿಸಬಲ್ಲದೇ ಹೊರತು ಪೂರ್ತಿ ಕಳೆಯಲಾರದು. ಆದ್ದರಿಂದ ಕಾರ್ ರೇಸ್‌ನಂಥ ಆಟಗಳನ್ನೇ ಮನಸ್ಸಿನಲ್ಲಿಟ್ಟುಕೊಂಡವರು ಪರಿಚಿತರ ಹೆಡ್‌ಸೆಟ್ಟಿನಲ್ಲಿ ಅರ್ಧ ಗಂಟೆ ಆಡಿ ನೋಡದೆ ಹಣ ಕೊಡಬಾರದು. ನಿಂತಲ್ಲೇ ಕೈ ಬೀಸುವ ಆಟಗಳಲ್ಲಿ ಈ ಕಾಟ ಕಡಿಮೆ.

ತಂತಿಯಿಲ್ಲದ ಹೆಡ್‌ಸೆಟ್ಟಿನ ಬ್ಯಾಟರಿ ಸುಮಾರು ಎರಡು ಗಂಟೆ ಬರುತ್ತದೆ, ಅಷ್ಟು ಹೊತ್ತು ಅರ್ಧ ಕಿಲೋ ಭಾರವನ್ನು ಮುಖದ ಮೇಲೆ ಹೊರುವವರಿಗೆ ಅದೇನೂ ಕೊರತೆ ಎನಿಸದು. ಸೋನಿ ಕಂಪನಿಯ ಹೆಡ್‌ಸೆಟ್ಟಾದ ಪ್ಲೇಸ್ಟೇಷನ್ ವಿಆರ್2ರ ಒಎಲ್‌ಇಡಿ ಪರದೆಯಲ್ಲಿ ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುತ್ತದೆ; ಆದರೆ ಅದು ಪ್ಲೇಸ್ಟೇಷನ್ 5 ಎಂಬ ಆಟದ ಯಂತ್ರಕ್ಕೋ, ಅಡಾಪ್ಟರ್ ಮೂಲಕ ಕಂಪ್ಯೂಟರಿಗೋ ತಂತಿಯಿಂದ ಕಟ್ಟಿಕೊಂಡಿರಬೇಕು, ಮೊದಲ ಪ್ಲೇಸ್ಟೇಷನ್ ವಿಆರ್‌ನ ಆಟಗಳು ಅದರಲ್ಲಿ ನಡೆಯುವುದೂ ಇಲ್ಲ.

ಪಿಕ್ಸೆಲ್ ಲೆಕ್ಕವನ್ನೇ ನಂಬಿದವರಿಗೆ ಎಚ್‌ಪಿ ಕಂಪನಿಯ ರಿವರ್ಬ್ ಜಿ2 ಹೆಡ್‌ಸೆಟ್ಟಿನ ಗತಿಯನ್ನು ನೆನಪಿಸಬೇಕು. ಒಂದೊಂದು ಕಣ್ಣಿಗೆ 2160×2160 ಪಿಕ್ಸೆಲ್ ಕೊಡುತ್ತಿದ್ದ ಅದು ಆ ಲೆಕ್ಕದಲ್ಲಿ ಕ್ವೆಸ್ಟ್ 3ಕ್ಕಿಂತ ತುಸು ಮುಂದೆಯೇ ಇತ್ತು. ಆದರೆ ಅದು ಆಧರಿಸಿದ್ದ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2023ರ ಕೊನೆಯಲ್ಲಿ ಕೈಬಿಡುವುದಾಗಿ ಸಾರಿ, 2024ರ ವಿಂಡೋಸ್ 11 ಆವೃತ್ತಿಯಿಂದ ತೆಗೆದೇಹಾಕಿತು. ಕಂಪ್ಯೂಟರನ್ನು ನವೀಕರಿಸಿಕೊಂಡವರ ಹೆಡ್‌ಸೆಟ್ಟು, ಯಾವ ಭಾಗವೂ ಕೆಡದೆ, ಅಧಿಕೃತ ಬೆಂಬಲವಿಲ್ಲದೆ ಮೂಲೆ ಸೇರಿತು.

ಮುಂದೆ ಇಂಥ ಸಾಧನಗಳನ್ನು ಪರಿಚಯಿಸುವಾಗ ಮಸೂರಗಳ ಅಂತರದ ವ್ಯಾಪ್ತಿ, ಕನ್ನಡಕದ ಮೇಲೆ ಧರಿಸುವ ಅನುಕೂಲ ಮತ್ತು ತಂತ್ರಾಂಶ ಬೆಂಬಲದ ಬಗ್ಗೆ ತಯಾರಕರು ಕೊಟ್ಟಿರುವ ಭರವಸೆ, ಈ ಮೂರನ್ನೂ ಪಿಕ್ಸೆಲ್ ಸಂಖ್ಯೆಯ ಪಕ್ಕದಲ್ಲೇ ಮುದ್ರಿಸಬೇಕೆಂದು ಕೋರುತ್ತೇನೆ. ಭರವಸೆ ಕೊಟ್ಟಿಲ್ಲವಾದರೆ, ಕೊಟ್ಟಿಲ್ಲವೆಂದೇ ಬರೆಯಿರಿ.

ಇತಿ,
ತಮ್ಮ ಓದುಗ