ಚಿಲ್ಟರ್ನ್ಸ್ ಹಳ್ಳಿಗೆ ಮನೆ ಬದಲಿಸುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ರೆಡಿಂಗ್ ಪೇಟೆಯ ಫ್ಲ್ಯಾಟ್ ಬಿಟ್ಟು ಚಿಲ್ಟರ್ನ್ಸ್ ಗುಡ್ಡದ ತಪ್ಪಲಿನ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತೇನೆ, ಅಲ್ಲಿ ಬರೀ ಮೌನ ಅಂತ ಬರೆದಿದ್ದೀಯ. ಖುಷಿಯಾಯಿತು. ಬೀಚ್ ಮರದ ಕಾಡು, ಏಪ್ರಿಲ್ ಕೊನೆಗೆ ನೆಲ ತುಂಬ ನೀಲಿ ಹಾಸುವ ಬ್ಲೂಬೆಲ್, ರಾತ್ರಿ ಕೈಗೆಟಕುವಂತೆ ಕಾಣುವ ನಕ್ಷತ್ರ, ಎಲ್ಲವೂ ನೀನು ಅಂದುಕೊಂಡ ಹಾಗೇ ಇದೆ. ಆದರೆ ಗ್ಯಾಸು, ಚರಂಡಿ, ಬೀದಿದೀಪ, ಔಷಧಿ, ಪೇಟೆಯಲ್ಲಿ ತಂತಾನೇ ನಡೆದುಹೋಗುವ ಇವೆಲ್ಲ ಅಲ್ಲಿ ನಿನ್ನ ಜವಾಬ್ದಾರಿ. ಎರಡು ವಾರ ಮುಂಚೆ ಯೋಚಿಸುವವನಿಗೆ ಅಲ್ಲಿ ನಿಶ್ಚಿಂತೆ. ಹೊತ್ತಿಗೆ ನೋಡಿಕೊಂಡರಾಯಿತು ಅನ್ನುವವನಿಗೆ ಜನವರಿಯಲ್ಲಿ ಮನೆ ತಣ್ಣಗೆ.

ಮೊದಲು ಮನೆಯನ್ನೂ ನೀರನ್ನೂ ಬಿಸಿ ಮಾಡುವ ಬಾಯ್ಲರ್ ವಿಷಯ. ಇಂಥ ಎಷ್ಟೋ ಹಳ್ಳಿಗಳಿಗೆ ಗ್ಯಾಸ್ ಪೈಪ್ ಬಂದೇ ಇಲ್ಲ. ಹಿತ್ತಲಿನ ಹಸಿರು ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಇರುವುದು ಕೆರೋಸಿನ್. ಊರಿನ ರೇಷನ್ ಅಂಗಡಿಯಲ್ಲಿ ಕ್ಯಾನು ಹಿಡಿದು ನಿಂತು ತರುತ್ತಿದ್ದೆವಲ್ಲ, ಅದೇ ಸೀಮೆಎಣ್ಣೆ. ಮೂರು ಬೆಡ್‌ರೂಮಿನ ಹಳೆಯ ಮನೆಗೆ ವರ್ಷಕ್ಕೆ ಸುಮಾರು 1500ರಿಂದ 2000 ಲೀಟರ್ ಬೇಕಾಗುತ್ತದೆ. 500 ಲೀಟರಿಗಿಂತ ಕಡಿಮೆ ಸಾಮಾನ್ಯವಾಗಿ ಯಾರೂ ತಂದು ಹಾಕುವುದಿಲ್ಲ. ಚಳಿ ಬಿದ್ದ ಮೇಲೆ ಎಲ್ಲರೂ ಒಟ್ಟಿಗೇ ಫೋನ್ ಮಾಡುತ್ತಾರೆ, ದರ ಏರುತ್ತದೆ, ಟ್ಯಾಂಕರ್ ಬರಲು ಎರಡು ಮೂರು ವಾರ ಕಾಯಬೇಕಾಗುತ್ತದೆ. ಅದಕ್ಕೆ ಸೆಪ್ಟೆಂಬರಿನಲ್ಲೇ ತುಂಬಿಸಿಬಿಡು. ಕೆಲವು ಹಳ್ಳಿಗಳಲ್ಲಿ ಹತ್ತಿಪ್ಪತ್ತು ಮನೆಯವರು ಸೇರಿ ಒಂದೇ ಆರ್ಡರ್ ಕೊಟ್ಟು ದರ ಇಳಿಸಿಕೊಳ್ಳುತ್ತಾರೆ. ಅಂಥ ಗುಂಪು ಇದೆಯಾ ಅಂತ ಅಕ್ಕಪಕ್ಕದವರನ್ನು ಕೇಳು. ಓಣಿ ಕಿರಿದಾಗಿದ್ದರೆ ಸಣ್ಣ ಟ್ಯಾಂಕರ್ ಬೇಕು ಅಂತ ಆರ್ಡರ್ ಮಾಡುವಾಗಲೇ ಹೇಳು, ಇಲ್ಲದಿದ್ದರೆ ದೊಡ್ಡ ಲಾರಿ ತಿರುವಿನವರೆಗೆ ಬಂದು ಹಾಗೇ ವಾಪಸ್ಸಾಗುತ್ತದೆ.

ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿಯಲು ಬಿಡಬೇಡ. ವರ್ಷಗಟ್ಟಲೆ ತಳದಲ್ಲಿ ನೀರಿನ ಹನಿ, ಕೆಸರು ಕೂತಿರುತ್ತದೆ. ಎಣ್ಣೆ ಮುಗಿಯುತ್ತಾ ಬಂದಾಗ ಅದೇ ಎಳೆದು ಬಂದು ಫಿಲ್ಟರ್, ನಾಝಲ್ ಕಟ್ಟುತ್ತದೆ. ಪೂರ್ತಿ ಖಾಲಿಯಾದರೆ ಪೈಪಿಗೆ ಗಾಳಿ ಸೇರುತ್ತದೆ. ಆಮೇಲೆ ಟ್ಯಾಂಕ್ ತುಂಬಿಸಿದರೂ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ, ಗಾಳಿ ಬಿಡಿಸಲು ಆಳು ಬರಬೇಕು. ಬಹುಪಾಲು ಟ್ಯಾಂಕುಗಳಿಗೆ ಎಣ್ಣೆಯ ಮಟ್ಟ ತೋರಿಸುವ ಗೇಜ್ ಇರುತ್ತದೆ. ಕೀಲಿಕೈ ತೆಗೆದುಕೊಳ್ಳುವ ದಿನವೇ ಅದರ ಫೋಟೋ ತೆಗೆದಿಟ್ಟುಕೋ, ಮನೆ ಬಿಡುವಾಗ ಲೆಕ್ಕಕ್ಕೆ ಬೇಕಾಗುತ್ತದೆ. ಆಫ್‌ಟೆಕ್ ಎಂಬ ಎಣ್ಣೆ ಬಾಯ್ಲರ್ ಕೆಲಸಗಾರರ ಸಂಸ್ಥೆಯಲ್ಲಿ ನೋಂದಣಿ ಇರುವವರಿಂದ ವರ್ಷಕ್ಕೊಮ್ಮೆ ಸರ್ವಿಸ್ ಆಗಿರಬೇಕು. ಹಿಂದಿನ ಸರ್ವಿಸಿನ ಕಾಗದವನ್ನು ಮಾಲೀಕರಿಂದ ಕೇಳಿ ತಗೋ.

ಹಿತ್ತಲಿನ ಹುಲ್ಲಿನ ಕೆಳಗೆ ಸೆಪ್ಟಿಕ್ ಟ್ಯಾಂಕ್ ಇದೆಯಾ ಅಂತಲೂ ವಿಚಾರಿಸು. ಇದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳೇ ನಿನ್ನ ಪೌರಕಾರ್ಮಿಕರು ಅಂತ ತಿಳಿ. ಬಾಟಲಿಗಟ್ಟಲೆ ಬ್ಲೀಚ್ ಸುರಿದರೆ ಅವು ಸಾಯುತ್ತವೆ. ವೈಪ್ಸ್ ಕರಗುವುದಿಲ್ಲ, ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ಹಾಕಬೇಡ. ನಮ್ಮ ಅಡುಗೆಮನೆಯಿಂದ ಬರುವ ತೊಂದರೆ ಎಣ್ಣೆಯದು. ಒಗ್ಗರಣೆ ಸೌಟು, ಹುರಿದ ಬಾಣಲೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆ. ಭಾನುವಾರ ಒಂದೇ ದಿನ ಐದು ಸಲ ವಾಷಿಂಗ್ ಮೆಷಿನ್ ಓಡಿಸಬೇಡ. ಒಮ್ಮೆಲೇ ನುಗ್ಗುವ ನೀರು ತಳದ ಕೆಸರನ್ನು ಕದಡಿ ಇಂಗುವ ಪೈಪುಗಳಿಗೆ ತಳ್ಳುತ್ತದೆ, ಆ ಪೈಪು ಕಟ್ಟಿದರೆ ನೆಲ ಅಗೆಯದೆ ದಾರಿಯಿಲ್ಲ. ಟಾಯ್ಲೆಟ್ಟಿನ ನೀರು ನಿಧಾನ ಇಳಿಯುವುದು, ಗುಳುಗುಳು ಸದ್ದು, ಒಂದೇ ಕಡೆ ಹುಲ್ಲು ವಿಪರೀತ ಹಸಿರಾಗಿ ಒದ್ದೆಯಾಗಿರುವುದು ಕಂಡರೆ ತಡಮಾಡದೆ ಮಾಲೀಕರಿಗೆ ತಿಳಿಸು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಆ ಖರ್ಚು ಯಾರದು ಅನ್ನುವುದು ಒಪ್ಪಂದದಲ್ಲಿ ಬರೆದಿರಲಿ.

ಇನ್ನು ನೀರು. ಚಿಲ್ಟರ್ನ್ಸ್ ಅಂದರೆ ಸುಣ್ಣದ ಗುಡ್ಡ, ಇಂಗ್ಲಿಷರು ಚಾಕ್ ಅನ್ನುತ್ತಾರಲ್ಲ, ಅದು. ಅದರೊಳಗಿಂದ ಬರುವ ನೀರು ಬಲು ಗಡಸು. ಕೆಟಲಿನಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ, ಚಹಾದ ಮೇಲೆ ತೆಳ್ಳಗೆ ಕೆನೆಯಂಥ ಪೊರೆ ಬರುತ್ತದೆ. ಅರ್ಧ ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಹಾಕಿ ಬಿಸಿ ಮಾಡಿ ಅರ್ಧ ಗಂಟೆ ಬಿಟ್ಟರೆ ಕೆಟಲ್ ತಿಳಿಯಾಗುತ್ತದೆ, ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲು. ಆದರೆ ನಮ್ಮವರು ತಲೆ ಕೆಡಿಸಿಕೊಳ್ಳುವುದು ತೊಗರಿಬೇಳೆಗೆ. ನಾಲ್ಕು ವಿಷಲ್ ಆದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ, ಸಾರು ತಿಳಿ ಬೇರೆ ಬೇಳೆ ಬೇರೆ. ಬೇಳೆ ಹಳೆಯದು ಅಂತ ಅಂಗಡಿಯವನನ್ನು ಬೈಯಬೇಡ. ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಒಂದು ಗಂಟೆ ನೆನೆಸು, ಜಗ್ ಫಿಲ್ಟರಿನ ನೀರಿನಲ್ಲಿ ಬೇಯಿಸು, ಆಗಲೂ ಬೇಯದಿದ್ದರೆ ಚಿಟಿಕೆ ಅಡುಗೆ ಸೋಡ ಸಾಕು. ಹುಣಸೆ ರಸವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕು.

ಇಡ್ಲಿ ಹಿಟ್ಟಿಗೆ ಬಿಸಿನೀರಿನ ಸಿಲಿಂಡರ್ ಇರುವ, ಬಟ್ಟೆ ಮಡಚಿಡುವ ಏರಿಂಗ್ ಕಪ್‌ಬೋರ್ಡಿಗಿಂತ ಒಳ್ಳೆಯ ಜಾಗ ಇಲ್ಲ. ಚಳಿಗಾಲದಲ್ಲಿ 14ರಿಂದ 18 ಗಂಟೆ ಬೇಕು. ಪಾತ್ರೆಯ ಕೆಳಗೆ ತಟ್ಟೆ ಇಡು, ಉಕ್ಕಿದರೆ ಮಡಚಿಟ್ಟ ಬಟ್ಟೆಯ ಮೇಲೆ ಬೀಳುತ್ತದೆ.

ಓಣಿಯಲ್ಲಿ ಕಾರು ಓಡಿಸುವುದನ್ನು ಹೊಸದಾಗಿ ಕಲಿಯಬೇಕು. ಎರಡೂ ಕಡೆ ಆಳೆತ್ತರದ ಬೇಲಿ, ಒಂದೇ ಕಾರಿನಷ್ಟು ಅಗಲ, ಆದರೂ ಬಿಳಿ ವೃತ್ತದಲ್ಲಿ ಕರಿ ಗೆರೆಯ ಬೋರ್ಡು ಇರುತ್ತದೆ. ಗಂಟೆಗೆ 60 ಮೈಲಿ ಅನ್ನುವುದು ಅಲ್ಲಿನ ಮಿತಿ, ಅಷ್ಟು ವೇಗದಲ್ಲಿ ಹೋಗು ಅಂತ ಅದರ ಅರ್ಥವಲ್ಲ. ಎದುರು ಗಾಡಿ ಬಂದರೆ, ಪಾಸಿಂಗ್ ಪ್ಲೇಸ್ (ಗಾಡಿಗಳು ಒಂದನ್ನೊಂದು ದಾಟಲು ಬಿಟ್ಟ ಅಗಲದ ಜಾಗ) ಎಡಕ್ಕಿದ್ದರೆ ಒಳಗೆ ಸರಿ, ಬಲಕ್ಕಿದ್ದರೆ ಅದರ ಎದುರಿಗೆ ನಿಂತು ಅವರಿಗೆ ಅಲ್ಲಿ ಜಾಗ ಬಿಡು. ಯಾರಿಗೆ ಹತ್ತಿರವೋ ಅವರು ಹಿಂದೆ ಸರಿಯುವುದು ವಾಡಿಕೆ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂದರೆ ನೀನೇ ಹಿಂದೆ ಸರಿ. ದಾಟುವಾಗ ಸ್ಟೀರಿಂಗಿನಿಂದ ನಾಲ್ಕು ಬೆರಳು ಎತ್ತಬೇಕು. ಆ ಬೆರಳನ್ನು ಅಲ್ಲಿನವರು ಗಮನಿಸುತ್ತಾರೆ, ಹೆಸರು ತಿಳಿಯುವ ಮೊದಲು ನಿನ್ನ ಪರಿಚಯ ಆಗುವುದೇ ಅದರಿಂದ. ಕುದುರೆ ಸಿಕ್ಕರೆ 10 ಮೈಲಿ ವೇಗಕ್ಕಿಂತ ಕೆಳಗೆ, ಕನಿಷ್ಠ 2 ಮೀಟರ್ ದೂರದಿಂದ ದಾಟು, ಹಾರ್ನ್ ಬೇಡ. ನಡೆಯುವಾಗ ಫುಟ್‌ಪಾತ್ ಇಲ್ಲದಿದ್ದರೆ ರಸ್ತೆಯ ಬಲಗಡೆ, ಎದುರು ಬರುವ ಗಾಡಿ ಕಾಣುವ ಹಾಗೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಬೀದಿದೀಪವೂ ಇರುವುದಿಲ್ಲ. ಟಾರ್ಚ್ ಬಾಗಿಲ ಬಳಿಯೇ ಇರಲಿ.

ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದೆ ವೈಫೈ ಕಾಲಿಂಗ್ ನೆಚ್ಚಿಕೊಂಡರೆ ಒಂದು ಮಾತು ನೆನಪಿಡು: ಕರೆಂಟ್ ಹೋದರೆ ರೂಟರ್ ಹೋಗುತ್ತದೆ, ರೂಟರ್ ಜತೆಗೆ ಫೋನೂ ಹೋಗುತ್ತದೆ. ರೂಟರಿಗೆ ಸಣ್ಣ ಬ್ಯಾಟರಿ ಬ್ಯಾಕಪ್ ತಗೋ. ಮನೆಯ ಹೊರಗೆ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅಂತ ಮೊದಲ ವಾರವೇ ನೋಡಿಟ್ಟುಕೋ. ಕರೆಂಟ್ ಹೋದಾಗ 105ಕ್ಕೆ ಫೋನ್ ಮಾಡಬೇಕು, ಅದು ಉಚಿತ. ಡಾಕ್ಟರ ಬಳಿ ನೋಂದಾಯಿಸುವಾಗ ಅಲ್ಲೇ ಔಷಧಿ ಕೊಡುತ್ತಾರಾ ಅಂತ ಕೇಳು. ಮನೆಯಿಂದ ಔಷಧಿ ಅಂಗಡಿ 1.6 ಕಿಲೋಮೀಟರಿಗಿಂತ ದೂರವಿದ್ದರೆ ಕೆಲವು ಗ್ರಾಮೀಣ ಸರ್ಜರಿಗಳಲ್ಲಿ, ಅಂದರೆ ಡಾಕ್ಟರ ಕ್ಲಿನಿಕ್ಕುಗಳಲ್ಲಿ, ಆ ಸೌಲಭ್ಯವಿದೆ.

ಮೌನ ಅಂದೆಯಲ್ಲ, ಅಲ್ಲಿ ಸದ್ದು ಬೇಕಾದಷ್ಟಿದೆ. ಮೇ ತಿಂಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಹಕ್ಕಿಗಳು ಶುರು. ವಾರದ ಒಂದು ಸಂಜೆ ಚರ್ಚಿನ ಗಂಟೆ ಬಾರಿಸುವ ಅಭ್ಯಾಸ. ಆಗಸ್ಟಿನಲ್ಲಿ ಮಳೆ ಬರುವ ಮೊದಲು ಗೋಧಿ ಮುಗಿಸಬೇಕಂತ ನಡುರಾತ್ರಿಯವರೆಗೂ ಕೊಯ್ಲಿನ ಯಂತ್ರ ಓಡುತ್ತದೆ. ರೈತನ ವರ್ಷದ ದುಡಿಮೆ ಅದು, ಯಾರೂ ದೂರುವುದಿಲ್ಲ. ಇನ್ನು ತಲೆಯ ಮೇಲೆ ಸಿಳ್ಳೆ ಹಾಕುತ್ತಾ ಸುತ್ತುವ ರೆಡ್ ಕೈಟ್. ಬೆಂಗಳೂರಿನ ಹದ್ದಿನ ಹತ್ತಿರದ ನೆಂಟ, ಬಾಲ ಇನ್ನೂ ಆಳವಾಗಿ ಸೀಳಿದೆ, ಬಣ್ಣ ಕೆಂಪು. ಇಂಗ್ಲೆಂಡಿನಿಂದ ಪೂರ್ತಿ ಮಾಯವಾಗಿದ್ದ ಈ ಹಕ್ಕಿಯನ್ನು 1989ರಿಂದ 1994ರವರೆಗೆ ಸ್ಪೇನಿನಿಂದ ತಂದು ಚಿಲ್ಟರ್ನ್ಸಿನಲ್ಲಿ ಬಿಟ್ಟರು. ಅದಕ್ಕೆ ಮಾಂಸದ ತುಂಡು ಎಸೆಯಬೇಡ. ರುಚಿ ಹತ್ತಿದರೆ ಮಕ್ಕಳ ಕೈಯ ತಿಂಡಿಗೂ ಎರಗುತ್ತದೆ.

ಕೊನೆಗೆ ದೀಪಾವಳಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ದಿನಗಳಲ್ಲಿ ರಾತ್ರಿ 11ರ ಮೇಲೆ ಪಟಾಕಿ ಹೊಡೆಯುವಂತಿಲ್ಲ, ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಕಾನೂನಿನ ಅನುಮತಿ ಇದೆ. ಆದರೆ ಅಲ್ಲಿ ಬೇಲಿಯಾಚೆಗೆ ಕುದುರೆ, ಕುರಿ ಇರುತ್ತವೆ. ಸದ್ದಿಗೆ ಬೆದರಿದ ಕುದುರೆ ತಂತಿಬೇಲಿಗೆ ನುಗ್ಗಿ ಕಾಲು ಸೀಳಿಕೊಳ್ಳುತ್ತದೆ. ಒಂದು ವಾರ ಮುಂಚೆ ಅಕ್ಕಪಕ್ಕದವರಿಗೂ ಹತ್ತಿರದ ಲಾಯದವರಿಗೂ ದಿನ, ಹೊತ್ತು ಬರೆದ ಚೀಟಿ ಕೊಟ್ಟು ಬಾ, ಅವರು ಪ್ರಾಣಿಗಳನ್ನು ಒಳಗೆ ಕಟ್ಟಿಕೊಳ್ಳುತ್ತಾರೆ. ಸದ್ದಿಲ್ಲದ ಹೂಕುಂಡ, ಸುರುಸುರುಬತ್ತಿ ತಂದರೆ ಇನ್ನೂ ಒಳ್ಳೆಯದು. ಚೀಟಿಯ ಜತೆ ಒಂದು ಡಬ್ಬಿ ಚಕ್ಕುಲಿಯೂ ಹೋಗಲಿ.

ಟ್ಯಾಂಕಿನ ಗೇಜ್ ಫೋಟೋ ನನಗೂ ಕಳಿಸು.

ಇಂತಿ ನಿನ್ನ ಗೆಳೆಯ