ಕೆಲವೊಮ್ಮೆ ನೆಲವೂ ಡೊಂಕಿರುತ್ತದೆ

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ, ಆಟವನ್ನು ನಡೆಸುವ ಗೇಮ್ ಮಾಸ್ಟರ್ ಸಮರ್ಥನಾಗಿದ್ದರೆ ನಿಯಮಾವಳಿ ಯಾವುದಾದರೂ ನಡೆಯುತ್ತದೆ ಎಂಬರ್ಥದ ಅದರ ಕೊನೆಯ ಮಾತನ್ನು ನಾನು ಒಪ್ಪಲಾರೆ. ಎಂಟು ವರ್ಷಗಳಿಂದ ಒಂದೇ ಗೆಳೆಯರ ಗುಂಪಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು ಆಡಿಸುತ್ತ ಬಂದವನು ನಾನು. ಆ ಮಾತನ್ನು ನಂಬಿಕೊಂಡೇ, ಆಟದಲ್ಲಿ ಎಡವಿದಾಗಲೆಲ್ಲ ತಪ್ಪು ನನ್ನದೇ ಎಂದುಕೊಂಡು ಬಹಳ ಕಾಲ ಸುಮ್ಮನಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮ್ಮ ಬಾಯಿ ಮುಚ್ಚಿಸಲು ಸದಾ ಸಿದ್ಧವಿರುತ್ತದಲ್ಲ!

ನನ್ನ ಅಸಮಾಧಾನ ಶುರುವಾದದ್ದು ಒಂದು ಚಾಕುವಿನಿಂದ. ಅನುಭವದಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಹತ್ತನೆಯ ಲೆವೆಲ್ ತಲುಪಿದ್ದ ತಂಡದ ಯೋಧ ನಿದ್ದೆಯಲ್ಲಿದ್ದಾಗ, ಕಳ್ಳರ ಸರದಾರನೊಬ್ಬ ಡೇರೆಯೊಳಗೆ ನುಸುಳಿ ಅವನ ಕುತ್ತಿಗೆಗೆ ಚಾಕು ಹಿಡಿದ. ಆ ಒಂದು ಕ್ಷಣಕ್ಕಾಗಿ ನಾನು ಮೂರು ವಾರ ಕಥೆಯನ್ನು ಹದಗೊಳಿಸಿದ್ದೆ. ದನಿ ತಗ್ಗಿಸಿ, ಅಲಗಿನ ತಣ್ಣನೆಯ ಸ್ಪರ್ಶವನ್ನು ಬಣ್ಣಿಸಿದೆ. ಯೋಧನ ಪಾತ್ರ ವಹಿಸಿದ್ದ ಗೆಳೆಯ ಪಾತ್ರದ ವಿವರಗಳಿರುವ ತನ್ನ ಹಾಳೆಯತ್ತ, ಅಂದರೆ ಕ್ಯಾರೆಕ್ಟರ್ ಶೀಟಿನತ್ತ, ಒಮ್ಮೆ ಕಣ್ಣಾಡಿಸಿ, "ಚುಚ್ಚಲಿ ಬಿಡು, ಹೆಚ್ಚೆಂದರೆ ಹನ್ನೊಂದು ಹೋಗುತ್ತೆ" ಎಂದ. ಅವನ ಲೆಕ್ಕ ತಪ್ಪಿರಲಿಲ್ಲ. ಅವನ ಹಿಟ್ ಪಾಯಿಂಟ್, ಅಂದರೆ ಸೊನ್ನೆಗಿಳಿಯುವ ತನಕ ಏಟು ತಾಳಿಕೊಳ್ಳುವ ಅಂಕ, 84. ಚಾಕುವಿನ ಏಟಿಗೆ ನಾಲ್ಕು ಮುಖದ ಒಂದು ದಾಳ, ಅದಕ್ಕೆ ಕಳ್ಳನ ಚುರುಕುತನದ 3 ಸೇರಿದರೆ ಗರಿಷ್ಠ 7; ಏಟು ಮರ್ಮಕ್ಕೇ ಬಿದ್ದು ದಾಳ ಎರಡಾದರೂ 11. ಮಿಕ್ಕವರು ನಕ್ಕರು. ಆ ಹೊತ್ತಿಗೆ ನನಗೆ ಸಿಟ್ಟು ಬಂದದ್ದು ಅವನ ಮೇಲೆ. ಅವನು ನಿಯಮದ ಪುಸ್ತಕದಲ್ಲಿ ಇದ್ದದ್ದನ್ನೇ ಓದಿ ಹೇಳಿದ್ದ ಎಂದು ಹೊಳೆದದ್ದು ಮರುದಿನ.

ಕುತ್ತಿಗೆಗೆ ಇಟ್ಟ ಚಾಕು ಪ್ರಾಣ ತೆಗೆಯುತ್ತದೆ ಎಂದು ನಾನೇ ತೀರ್ಪು ಕೊಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕೊಟ್ಟು ನೋಡಿದ್ದೇನೆ. ಮುಂದಿನ ಸೆಷನ್ನಿನಿಂದ ಆಟಗಾರರೆಲ್ಲ ಕತ್ತಿ, ಬಿಲ್ಲು, ಮಂತ್ರಗಳನ್ನು ಬದಿಗಿಟ್ಟು, ಎದುರು ಬಂದವರ ಕುತ್ತಿಗೆಯನ್ನೇ ಹುಡುಕತೊಡಗಿದರು. ಒಂದು ಇಟ್ಟಿಗೆ ಕಿತ್ತರೆ ಅದರ ಮೇಲಿನ ಗೋಡೆಯೂ ಅಲುಗುತ್ತದೆ. ಹಿಟ್ ಪಾಯಿಂಟ್ ಎಂದರೆ ಬರೀ ರಕ್ತಮಾಂಸವಲ್ಲ, ಅದರಲ್ಲಿ ಕೌಶಲ, ಅದೃಷ್ಟಗಳೂ ಸೇರಿವೆ ಎಂದು ಆಟದ ಸೃಷ್ಟಿಕರ್ತರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರಷ್ಟು ಹಿಂದೆಯೇ ವಿವರಿಸಿದ್ದರು. ಹಾಗಿದ್ದರೆ ಗಾಯ ಮಾಯುವ ಮದ್ದು ಕುಡಿದಾಗ ತುಂಬಿಕೊಳ್ಳುವುದು ಯಾವುದು, ರಕ್ತವೋ ಅದೃಷ್ಟವೋ ಎಂಬ ಪ್ರಶ್ನೆಗೆ ನನ್ನ ಮೇಜಿನಲ್ಲಿ ಈವರೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ.

ಇನ್ನು ಇಪ್ಪತ್ತು ಮುಖದ ದಾಳದ ವಿಚಾರ. ಅದರ ಪ್ರತಿ ಮುಖಕ್ಕೂ ಸಮಾನ ಅವಕಾಶ, ಅಂದರೆ ಶೇ 5. ಪುಸ್ತಕ 'ಮಧ್ಯಮ' ಎಂದು ಕರೆಯುವ ಕೆಲಸಕ್ಕೆ ಒಟ್ಟು 15 ಬರಬೇಕು. ಹಳೆಯ ಲಿಪಿ ಓದುವುದರಲ್ಲಿ ನುರಿತ ಪಂಡಿತೆಗೆ ದಾಳದ ಮೇಲೆ 5 ಅಂಕ ಹೆಚ್ಚುವರಿಯಾಗಿ ಸಿಗುತ್ತದೆ ಎನ್ನೋಣ. ಅವಳು ಗೆಲ್ಲುವ ಸಾಧ್ಯತೆ ಶೇ 55. ಅಕ್ಷರದ ಗೊಡವೆಗೇ ಹೋಗದ, 1 ಅಂಕ ಕಳೆದುಕೊಳ್ಳುವ ಮಲ್ಲನಿಗೆ ಶೇ 25. ಇಷ್ಟಕ್ಕೇ ನಿಂತರೆ ಒಪ್ಪಬಹುದು. ಆದರೆ ಅಂಥ ಮಲ್ಲರು ಮೂವರು ಸೇರಿ ಒಬ್ಬರಾದ ಮೇಲೊಬ್ಬರು ದಾಳ ಎಸೆದರೆ, ಅವರಲ್ಲಿ ಒಬ್ಬನಾದರೂ ಗೆಲ್ಲುವ ಸಾಧ್ಯತೆ ಸುಮಾರು ಶೇ 58. ಹೀಗಾಗಿ ಆಯುಷ್ಯವನ್ನೆಲ್ಲ ಗ್ರಂಥಗಳ ನಡುವೆ ಕಳೆದ ಪಂಡಿತೆ ಶಿಲಾಶಾಸನದ ಮುಂದೆ ತಲೆ ಕೆರೆದುಕೊಳ್ಳುವಾಗ, ಹಿಂದೆ ನಿಂತ ಕೊಡಲಿಧಾರಿ ಅದನ್ನು ಸರಾಗವಾಗಿ ಓದಿಬಿಡುವ ಪ್ರಸಂಗ ಪದೇ ಪದೇ ಬರುತ್ತದೆ. ಮೊದಲ ಸಲ ನಗು ಬರುತ್ತದೆ. ಐದನೆಯ ಸಲಕ್ಕೆ ಪಂಡಿತೆಯ ಪಾತ್ರಧಾರಿ ಮೊಬೈಲ್ ಕೈಗೆತ್ತಿಕೊಳ್ಳುತ್ತಾಳೆ. ಎಲ್ಲರಿಗೂ ದಾಳ ಎಸೆಯಲು ಬಿಟ್ಟಿದ್ದೇಕೆ ಎಂದು ನೀವು ನನ್ನನ್ನೇ ಕೇಳಬಹುದು. ಬಿಡದಿದ್ದಾಗ, ಪುಸ್ತಕದಲ್ಲಿ ಎಲ್ಲಿ ಹಾಗಿದೆ ತೋರಿಸು ಎಂದು ಅವರು ಕೇಳುತ್ತಾರೆ.

ಮಲಗೆದ್ದರೆ ಖರ್ಚಾದ ಮಂತ್ರಗಳೆಲ್ಲ ಮರಳುತ್ತವೆ ಎಂಬ ವಿಶ್ರಾಂತಿಯ ನಿಯಮವೂ ಇದೇ ಜಾತಿಯದು. ಒಂದು ತಂಡ ಒಂದು ದಿನದಲ್ಲಿ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಎದುರಾಟಗಳನ್ನು, ಅಂದರೆ ಕಾಳಗದಂಥ ಸವಾಲುಗಳನ್ನು, ನಿಭಾಯಿಸಬಲ್ಲದು ಎಂದು 2014ರ ಗೇಮ್ ಮಾಸ್ಟರ್ ಕೈಪಿಡಿ ಹೇಳುತ್ತದೆ. ಮಂತ್ರ, ಆಯುಧ, ದೇಹಬಲಗಳ ಸಮತೋಲ ನಿಂತಿರುವುದು ಈ ಎಣಿಕೆಯ ಮೇಲೆಯೇ. ನಮ್ಮಲ್ಲಿ ಒಂದು ಕಾಳಗ ಮುಗಿಯಲು ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಕಥೆಯ ಒಂದು ದಿನವನ್ನು ಪುಸ್ತಕ ಬಯಸಿದಂತೆ ತುಂಬಿಸಬೇಕಾದರೆ ಎರಡು ಮೂರು ಸಂಜೆ ಬರೀ ಹೊಡೆದಾಟವೇ ಆಗಬೇಕು. ತುಂಬಿಸದೇ ಹೋದರೆ ಮಾಂತ್ರಿಕ ತನ್ನ ಬತ್ತಳಿಕೆಯನ್ನೆಲ್ಲ ಮೊದಲ ಜಗಳದಲ್ಲೇ ಖಾಲಿ ಮಾಡಿ, ಎಂಟು ಗಂಟೆ ಮಲಗೆದ್ದು, ಮತ್ತೆ ತುಂಬಿದ ಬತ್ತಳಿಕೆಯೊಂದಿಗೆ ಹಾಜರಾಗುತ್ತಾನೆ.

ಇದನ್ನೆಲ್ಲ ಸರಿದೂಗಿಸಲು ನಾನು ಏನು ಮಾಡುತ್ತಿದ್ದೆ ಎಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ: ಸುಳ್ಳು ಹೇಳುತ್ತಿದ್ದೆ. ಗೇಮ್ ಮಾಸ್ಟರ್ ಮುಂದೆ ಒಂದು ರಟ್ಟಿನ ಮರೆಯಿರುತ್ತದೆ. ಅದರ ಹಿಂದೆ ಬಿದ್ದ ದಾಳ ಅವನಿಗಷ್ಟೇ ಕಾಣುತ್ತದೆ. ವರ್ಷವಿಡೀ ಬೆನ್ನಟ್ಟಿದ ಡ್ರ್ಯಾಗನ್ ಎರಡನೆಯ ಸುತ್ತಿಗೇ ಸಾಯುವ ಹಾಗಾದಾಗ, ಮರೆಯ ಹಿಂದೆ ಅದಕ್ಕೆ ಇನ್ನೊಂದು 60 ಪಾಯಿಂಟ್ ಸದ್ದಿಲ್ಲದೆ ಸೇರಿಸಿದೆ. ಕಾಳಗ ರಂಗೇರಿತು, ಗೆದ್ದರು, ಚಪ್ಪಾಳೆ ತಟ್ಟಿದರು. ತಂಡದ ಅತಿ ಕಿರಿಯ ಹುಡುಗಿ ಮಾತ್ರ ಹೊಡೆತಗಳ ಲೆಕ್ಕವನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳು. "ಅಣ್ಣಾ, ಅದರ ಹಿಟ್ ಪಾಯಿಂಟ್ ಮೊದಲಿಗೆ ಎಷ್ಟಿತ್ತು?" ಎಂದು ಕೇಳಿದಳು. ನನ್ನ ಹತ್ತಿರ ಹೇಳಲು ಒಂದು ಸಂಖ್ಯೆ ಇರಲಿಲ್ಲ. ನಿಮ್ಮ ಲೇಖಕರು ಸಾಮರ್ಥ್ಯ ಎನ್ನುವುದರಲ್ಲಿ ಬಹುಪಾಲು ಇಂಥ ಮುಚ್ಚುಮರೆಯೇ ಎಂಬುದು ನನ್ನ ಅನುಭವ.

ಪುಸ್ತಕ ದೊಡ್ಡದೋ ತೀರ್ಪುಗಾರ ದೊಡ್ಡವನೋ ಎಂಬ ಈ ಜಗಳ ನಮ್ಮ ಕಾಲದ್ದಲ್ಲ. ಪ್ರಷ್ಯಾದ ಸೈನ್ಯದಲ್ಲಿ ರೈಸ್ವಿಟ್ಜ್ ಎಂಬ ಅಧಿಕಾರಿ 1824ರಲ್ಲಿ ದಾಳ ಮತ್ತು ಕೋಷ್ಟಕಗಳ ಯುದ್ಧದಾಟವೊಂದಕ್ಕೆ ನಿಯಮ ಪ್ರಕಟಿಸಿದ್ದರು. ನಿಯಮಗಳ ಹೊರೆ ಸಾಕಾಗಿ, ತೀರ್ಪುಗಾರನ ವಿವೇಚನೆಗೇ ಎಲ್ಲ ಬಿಡಿ ಎಂದು 1876ರಲ್ಲಿ ಅದೇ ಸೈನ್ಯದ ಅಧಿಕಾರಿ ವೆರ್ಡಿ ದು ವೆರ್ನ್ವಾ ವಾದಿಸಿದರು. ಅವರ ವಾದದಲ್ಲಿ ಹುರುಳಿತ್ತು, ಏಕೆಂದರೆ ಅಲ್ಲಿ ತೀರ್ಪು ಕೊಡುವವರು ಯುದ್ಧ ಬಲ್ಲ ಅಧಿಕಾರಿಗಳು. ನಾನಾದರೋ ಕತ್ತಿ ಹಿಡಿದವನಲ್ಲ, ಏಟು ತಿಂದವನೂ ಅಲ್ಲ. ನನಗೆ ನಿಯಮ ಬೇಕು. ಸುಳ್ಳು ಹೇಳಬೇಕಾದ ಸ್ಥಿತಿಗೆ ನನ್ನನ್ನು ತಳ್ಳದ ನಿಯಮ ಬೇಕು.

ಐದನೆಯ ಆವೃತ್ತಿ ಕೆಟ್ಟ ಆಟ ಎಂದು ಹೇಳುತ್ತಿಲ್ಲ. ಸಾಮಾನ್ಯ ಮನುಷ್ಯರು ದೈತ್ಯರ ಎದುರು ಎದೆಯೊಡ್ಡಿ ನಿಲ್ಲುವಷ್ಟು ಬೆಳೆಯುವ ಕಥೆಗೆ ಅದು ಹೇಳಿ ಮಾಡಿಸಿದಂತಿದೆ, ಮತ್ತು ಹೊಸಬರನ್ನು ಅದು ಬರಮಾಡಿಕೊಳ್ಳುವ ರೀತಿ ಚೆನ್ನಾಗಿದೆ. ನಾನು ಹೇಳಹೊರಟದ್ದು ಭಯದ, ಒಳಸಂಚಿನ, ಗಾಯಗೊಂಡರೆ ತಿಂಗಳುಗಟ್ಟಲೆ ಕುಂಟುವ ಮನುಷ್ಯರ ಕಥೆ. ಅದನ್ನು ಈ ಚೌಕಟ್ಟಿನೊಳಗೆ ತುರುಕಲು ಹೆಣಗಿದ್ದೇ ಎಂಟು ವರ್ಷದ ಯಡವಟ್ಟು. ಆದ್ದರಿಂದ ಕಳೆದ ತಿಂಗಳು ನಮ್ಮ ಕಥೆಯನ್ನು 1978ರಲ್ಲಿ ಮೊದಲು ಬಂದ ರೂನ್‌ಕ್ವೆಸ್ಟ್ ಪದ್ಧತಿಗೆ ಸಾಗಿಸಲು ನಿರ್ಧರಿಸಿದೆವು. ಅದರಲ್ಲಿ ಲೆವೆಲ್‌ಗಳೇ ಇಲ್ಲ. ಬಳಸಿದ ಕೌಶಲ ಶೇಕಡಾ ಲೆಕ್ಕದಲ್ಲಿ ಬೆಳೆಯುತ್ತದೆ, ಆದರೆ ಅನುಭವ ಹೆಚ್ಚಿತೆಂದು ಹಿಟ್ ಪಾಯಿಂಟ್ ಹತ್ತಾರು ಪಟ್ಟು ಏರುವುದಿಲ್ಲ. ಏಟು ಕೈಗೆ ಬಿತ್ತೋ ತಲೆಗೆ ಬಿತ್ತೋ ಎಂಬುದನ್ನೂ ಅದು ಎಣಿಸುತ್ತದೆ. ಹೊಸ ಪುಸ್ತಕ ಓದಲು ಇಬ್ಬರು ಗೊಣಗಿದರು. ಒಬ್ಬ ಇನ್ನೂ ಗೊಣಗುತ್ತಿದ್ದಾನೆ.

ಮೊನ್ನೆ ಎಲ್ಲರೂ ಕುಳಿತು ಪಾತ್ರಗಳನ್ನು ಹೊಸ ಹಾಳೆಗೆ ಇಳಿಸಿದೆವು. ಯೋಧನ ಪಾತ್ರದ ಗೆಳೆಯ 84 ಇದ್ದ ಕಡೆ 14 ಎಂದು ಬರೆದು, ಪೆನ್ಸಿಲ್ ಕೆಳಗಿಟ್ಟು, ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡಿದ. ಆಮೇಲೆ ಕೇಳಿದ: "ಅವತ್ತು ಡೇರೆಗೆ ಬಂದಿದ್ದನಲ್ಲ ಆ ಕಳ್ಳ, ಅವನು ಇನ್ನೂ ಬದುಕಿದ್ದಾನಾ?"

ಇತಿ,
ನಿಮ್ಮ ಓದುಗ