ಭಾನುವಾರದ ಭೇಟಿಗೆ ಒಡೆದ ಟಚ್‌ಸ್ಕ್ರೀನ್ ತನ್ನಿ

ಶಿಕ್ಷಕ ಮಿತ್ರರೇ, ಈ ಭಾನುವಾರ ಬೆಳಿಗ್ಗೆ 10ಕ್ಕೆ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಸೇರೋಣ. ವಿಷಯ: ಕಾರ್ಬನ್ ನ್ಯಾನೊಕೊಳವೆಗಳ, ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿ ಸೂಕ್ಷ್ಮ ಕೊಳವೆಗಳ, ತೆಳುಪದರ. ಒಡೆದ ಮೊಬೈಲ್ ಪರದೆ ಇದ್ದವರು ಮರೆಯದೆ ತನ್ನಿ. ಅಂಥ ಪರದೆಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಲೇಪಿಸಿರುವುದು ಇಂಡಿಯಮ್ ಟಿನ್ ಆಕ್ಸೈಡ್ ಎಂಬ, ವಿದ್ಯುತ್ ಹರಿಯುವ ಪಾರದರ್ಶಕ ವಸ್ತು. ಹೆಚ್ಚು ಬಗ್ಗಿಸಿದರೆ ಬಿರುಕು ಬಿಡುತ್ತದೆ. ನ್ಯಾನೊಕೊಳವೆಯ ಪದರ ಹಾಗಲ್ಲ. ಮಂಚದ ಮೇಲೆ ತೆಳ್ಳಗೆ ಒಣಹಾಕಿದ ಶಾವಿಗೆಯನ್ನು ನೆನೆಯಿರಿ: ಎಳೆಗಳು ಒಂದರ ಮೇಲೊಂದು ಬಿದ್ದಲ್ಲೆಲ್ಲ ವಿದ್ಯುತ್ತಿಗೆ ದಾರಿ, ಹರವು ವಿರಳವಾದ್ದರಿಂದ ಬೆಳಕೂ ದಾಟುತ್ತದೆ. ಒಂಟಿಗೋಡೆಯ (ಒಂದೇ ಪದರದ ಗೋಡೆಯಿರುವ) ಕೊಳವೆಯ ವ್ಯಾಸ ಸುಮಾರು 1 ನ್ಯಾನೊಮೀಟರ್, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಮಾತ್ರ! ತೊಡಕೂ ಇದೆ. ತಯಾರಾದ ಕೊಳವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಲೋಹದಂತೆ, ಉಳಿದವು ಅರೆವಾಹಕದಂತೆ (ವಿದ್ಯುತ್ ಹರಿವನ್ನು ಬೇಕೆಂದಾಗ ತಡೆಯಬಹುದಾದ ವಸ್ತುವಿನಂತೆ) ವರ್ತಿಸುತ್ತವೆ; ಒಳ್ಳೆಯ ಟ್ರಾನ್ಸಿಸ್ಟರ್, ಅಂದರೆ ವಿದ್ಯುತ್ತಿನ ಪುಟ್ಟ ಸ್ವಿಚ್, ಬೇಕಾದರೆ ಇವನ್ನು ಬೇರ್ಪಡಿಸಬೇಕು. ನನಗೆ ಅತ್ಯಂತ ಕುತೂಹಲ ಹುಟ್ಟಿಸಿರುವುದು ಈ ಭಾಗವೇ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ, ಉಪಾಹಾರಕ್ಕೆ ಹೇಳಬೇಕಿದೆ.